ನೀರಿಗೆ ಬಿದ್ದ ಚುಕ್ಕೆ

ಎದುರು ಸೀಟಿನ ಮುದುಕ ಬಾಯಿಗೆ ಬೆರಳು ಹಾಕಿ, ಮೇಲ್ದುಟಿಯ ಒಳಗೆ ಒತ್ತರಿಸಿಕೊಂಡಿದ್ದ ತಂಬಾಕಿನ ಪುಟ್ಟ ಪೊಟ್ಟಣವನ್ನು ಹೊರಗೆಳೆದು, ಅದರ ಕಂದು ರಸ ತೊಟ್ಟಿಕ್ಕುವ ಮೊದಲೇ ಡಬ್ಬಿಯ ಮುಚ್ಚಳದಲ್ಲಿ ಇಟ್ಟ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಅದೇ ಬೆರಳಿನಿಂದ ಬಸ್ಸಿನ ಕಂಬ ಹಿಡಿದ. ಶಿವಪ್ರಸಾದ ಕಿಟಕಿಯತ್ತ ತಿರುಗಿದರೆ ಗಾಜಿನ ಮೇಲೆ ಯಾರೋ ತಲೆ ಆನಿಸಿ ನಿದ್ದೆ ಮಾಡಿದ ಜಿಡ್ಡಿನ ಕಲೆ. ಬೆಳಿಗ್ಗೆಯಿಂದ ಹೀಗೆಯೇ ಆಗುತ್ತಿತ್ತು. ಕಣ್ಣಿಗೆ ಬಿದ್ದದ್ದೆಲ್ಲ ಯಾರದೋ ಮೈಯಿಂದ ಕಳಚಿಕೊಂಡು ಬಂದದ್ದು ಎನ್ನಿಸುತ್ತಿತ್ತು. ಹಲ್ಲುಜ್ಜುವಾಗ ಬೇಸಿನ್ನಿನ ತೂತಿನಲ್ಲಿ ತನ್ನದೇ ಕೂದಲಿನ ಉಂಡೆ ಕಂಡು ವಾಕರಿಕೆ ಬಂದಿತ್ತು. ಹೊರಡುವ ಹೊತ್ತಿಗೆ ಫೋನಿನಲ್ಲಿ ಕನ್ನಡ ಬಳಗದ ವಿಘ್ನೇಶನ ಧ್ವನಿ ಸಂದೇಶ: 'ಪ್ರಸಾದಣ್ಣ, ನೀವು ಬರ್ಲಿಲ್ಲ ಅಂದ್ರೆ ಮನೆ ಒಕ್ಕಲು ಕಂಪ್ಲೀಟೇ ಆಗಲ್ಲ. ಸರಸ್ವತಿ ನಿಮಗೋಸ್ಕರ ಮೆಂತೆಸೊಪ್ಪಿನ ತಂಬುಳಿ ಮಾಡ್ತಾಳಂತೆ, ನಮ್ಮ ಗಾರ್ಡನ್‌ದೇ ಸೊಪ್ಪು.' ಹುಷಾರಿಲ್ಲ ಎಂದು ಬರೆಯಲು ಹೋಗಿ ಎರಡು ಸಲ ಅಳಿಸಿದ್ದ. ಹೆಂಡತಿ ಶ್ರದ್ಧಾ ಟ್ರೋಲ್‌ಹೆಟ್ಟನ್ನಿನ ತನ್ನ ಕೆಲಸದಿಂದ ಈ ವಾರ ಬರುವುದಿಲ್ಲವೆಂದು ಮೊದಲೇ ಹೇಳಿದ್ದಳು. ಅವಳು ಜೊತೆಗಿದ್ದರೆ ಅವಳ ಮಾತಿನ ಹಿಂದೆ ಅಡಗಿ ಕೂರಬಹುದಿತ್ತು. ಈಗ ತೊಡೆಯ ಮೇಲೆ ಕೇಕಿನ ಪೆಟ್ಟಿಗೆ ಇಟ್ಟುಕೊಂಡು, ಬೆವರಿದ ಅಂಗೈಯ ಒದ್ದೆಗೆ ರಟ್ಟು ಮೆತ್ತಗಾಗುತ್ತಿರುವುದನ್ನು ನೋಡುತ್ತ, ಕಾರ್ಲ್‌ಸ್ಟಾಡ್ ದಾಟಿ ಸ್ವೀಡನ್ನಿನ ದೊಡ್ಡ ಸರೋವರದ ಬದಿಯ ಆ ಸಣ್ಣ ಊರಿಗೆ ಹೋಗುತ್ತಿದ್ದ.

ಅವನ ಕೆಲಸ ಮಣ್ಣಿಗೆ ಹೆಸರಿಡುವುದು. ಸಂಶೋಧನಾ ಕೇಂದ್ರಕ್ಕೆ ಬರುವ ಒಂದೊಂದು ಮುಷ್ಟಿ ಮಣ್ಣಿಗೂ, ಒಂದೊಂದು ಚೂರು ಕಲ್ಲಿಗೂ, ಕೆರೆಯ ತಳದ ಕೆಸರಿನ ಒಂದೊಂದು ಕೊಳವೆಗೂ ಅವನು ಒಂದು ಗುರುತಿನ ಸಂಖ್ಯೆ ಕೊಡುತ್ತಾನೆ. ಲೋಕದಲ್ಲಿ ಬೇರೆ ಯಾವ ಮಾದರಿಗೂ ಆ ಸಂಖ್ಯೆ ಇರುವುದಿಲ್ಲ, ಕೊಟ್ಟಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಯಾವ ದೇಶದಲ್ಲಿ ಯಾರೇ ಆ ಸಂಖ್ಯೆಯನ್ನು ಒತ್ತಿದರೂ ಒಂದು ಪುಟ ತೆರೆದುಕೊಳ್ಳಬೇಕು: ಈ ಮಣ್ಣು ಎಲ್ಲಿಯದು, ಎಷ್ಟು ಆಳದ್ದು, ಯಾರು ಅಗೆದರು, ಅದರಲ್ಲಿ ಏನು ಸಿಕ್ಕಿತು. ಮಣ್ಣು ಪರೀಕ್ಷೆಯಲ್ಲಿ ಖರ್ಚಾಗಿ ಹೋದರೂ ಪುಟ ಉಳಿಯಬೇಕು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಇದನ್ನು ಹೇಳುವಾಗ ಅವನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. 'ಜಾಗ ತಪ್ಪಿದ ಮಣ್ಣು ಬರೀ ಕೊಳಕು. ಜಾಗ ಗೊತ್ತಿದ್ದರೆ ಮಾತ್ರ ಅದು ಮಾದರಿ' ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಯಾರೋ ಪ್ರಯೋಗಾಲಯದ ಬಾಗಿಲ ಮೇಲೆ ಅಂಟಿಸಿದ್ದರು. ಜೂನ್ ತಿಂಗಳಿಂದ ಈಚೆಗೆ ಅವನು ಆ ಬಾಗಿಲನ್ನು ತಲೆ ತಗ್ಗಿಸಿಯೇ ದಾಟುತ್ತಿದ್ದಾನೆ. ಯಾರೂ ಗಮನಿಸಿಲ್ಲ. ಯಾರೂ ಗಮನಿಸದಿರುವುದೇ ಅವನಿಗೆ ಹೇಸಿಗೆ. ಫಿಕಾ ಎನ್ನುವ ಕಾಫಿ ಬಿಡುವಿನ ಹೊತ್ತಿಗೆ ಎಲ್ಲರೂ ಕಾಫಿಯ ಸುತ್ತ ಸೇರಿ, ದಾಲ್ಚಿನ್ನಿಯ ಬನ್ನು ಹರಿದು ತಿನ್ನುತ್ತ, ತುಟಿಯ ಮೇಲಿನ ಸಕ್ಕರೆ ನೆಕ್ಕಿಕೊಳ್ಳುತ್ತ, ಅವನ ಅಚ್ಚುಕಟ್ಟುತನವನ್ನು ಹೊಗಳುತ್ತಾರೆ.

ತನಗೂ ಒಂದು ಸಂಖ್ಯೆ ಇಲ್ಲದೆ ಅವನು ಈ ದೇಶದಲ್ಲಿ ಮೊದಲ ಚಳಿಗಾಲ ಕಳೆದಿದ್ದ. ಪರ್ಸೊನ್‌ನುಮ್ಮೆರ್ ಎಂಬ ಆ ಗುರುತಿನ ಸಂಖ್ಯೆ ಬೇಕಾದರೆ ವಿಳಾಸ ಬೇಕು, ಬಾಡಿಗೆ ಮನೆ ಬೇಕಾದರೆ ಪರ್ಸೊನ್‌ನುಮ್ಮೆರ್ ಬೇಕು. ಲೈಬ್ರರಿಯ ಹೆಂಗಸು ನಗುನಗುತ್ತಲೇ 'ಸಿಸ್ಟಮ್ಮಿನಲ್ಲಿ ನೀವು ಇನ್ನೂ ಇಲ್ಲ' ಎಂದು ಪುಸ್ತಕವನ್ನು ಅವನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡಿದ್ದಳು. ಹಿಂದೆ ನಿಂತಿದ್ದ ಮಕ್ಕಳು ನೋಡುತ್ತಿದ್ದವು. ಆಗ ಅವನನ್ನು ಮನೆಗೆ ಕರೆದುಕೊಂಡು ಹೋದವನು ಸ್ಟೀವನ್. ಬೆಳ್ಮಣ್ಣಿನ ಕಡೆಯವನು, ಕನ್ನಡ ಬಳಗದ ಕ್ರಿಸ್ಮಸ್ ಊಟದಲ್ಲಿ ಪರಿಚಯವಾಗಿದ್ದವನು. 'ಬೇಸ್‌ಮೆಂಟ್ ಖಾಲಿ ಉಂಟು ಮಾರಾಯಾ, ನನ್ನ ಅಡ್ರೆಸ್ ಹಾಕು, ನಂಬರ್ ಬರ್ಲಿ, ಆಮೇಲೆ ನೋಡುವ' ಎಂದಿದ್ದ. ಸ್ಟೀವನ್ನನ ಹೆಂಡತಿ ಮೆಲಿಸಾ ಅವನಿಗಾಗಿ ಬೇರೆ ಪಾತ್ರೆಯಲ್ಲಿ ಮೀನಿಲ್ಲದ ಸಾರು ಮಾಡುತ್ತಿದ್ದಳು. ಪಾತ್ರೆ ಬೇರೆ ಇಟ್ಟಿದ್ದು ಅವನು ಕೇಳದೆಯೇ. ಆದರೂ ಮೊದಮೊದಲು ಅವನು ಆ ಚಮಚವನ್ನು ಅವರ ಕಣ್ಣು ತಪ್ಪಿಸಿ ಬಿಸಿನೀರಿನಲ್ಲಿ ತೊಳೆದುಕೊಳ್ಳುತ್ತಿದ್ದ. ಒಮ್ಮೆ ಮೆಲಿಸಾ ನೋಡಿಬಿಟ್ಟಳು, ಮಾರನೆಯ ದಿನ ಒಂದು ಹೊಸ ಚಮಚ ತಂದಿಟ್ಟಳು. ಆ ಹೊಸ ಚಮಚದ ನಾಚಿಕೆ ಇವತ್ತಿಗೂ ಅವನ ಹಲ್ಲಿಗೆ ತಾಗುತ್ತದೆ. ಅವರ ಹಿತ್ತಿಲಿನ ಮೂಲಂಗಿ, ಪುದೀನ, ಕೊತ್ತಂಬರಿಯನ್ನು ಎರಡು ಬೇಸಿಗೆ ತಿಂದ.

ಆ ಹಿತ್ತಿಲಿನಿಂದ ಮಣ್ಣು ತೆಗೆದವನೂ ಅವನೇ. ಕೇಂದ್ರದವರು ಮನೆತೋಟಗಳ ಮಣ್ಣು ಪರೀಕ್ಷಿಸುವ ಯೋಜನೆ ಶುರುಮಾಡಿದಾಗ ಒಪ್ಪುವ ಮನೆಗಳು ಸಾಲದೆ, 'ನಿಮ್ಮದೂ ಒಂದಿರಲಿ' ಎಂದು ಸ್ಟೀವನ್ನನನ್ನು ತಾನೇ ಕೇಳಿದ್ದ. ಫಲಿತಾಂಶ ಬಂದಾಗ ಯಂತ್ರ ಕೆಟ್ಟಿದೆಯೆಂದುಕೊಂಡು ಮತ್ತೊಮ್ಮೆ ಮಾಡಿಸಿದ. ಆರ್ಸೆನಿಕ್ ವಿಷವಿತ್ತು, ಮಕ್ಕಳಾಡುವ ಅಂಗಳಕ್ಕೆ ಹೇಳಿದ ಮಿತಿಗಿಂತ ಹಲವು ಪಟ್ಟು. ಕೇಂದ್ರದ ಸಾರ್ವಜನಿಕ ನಕ್ಷೆಯಲ್ಲಿ ಆ ಅಂಗಳದ ಮೇಲೆ ಕೆಂಪು ಚುಕ್ಕೆ ಬಿತ್ತು. ವಿಚಾರಿಸಿದರೆ, ಅಂಗಳ ಎತ್ತರಿಸಲು ಸ್ಟೀವನ್ ಹಿಂದೊಮ್ಮೆ ಎಲ್ಲಿಂದಲೋ ಬಿಟ್ಟಿ ಮಣ್ಣು ತರಿಸಿದ್ದನಂತೆ. ವಿದ್ಯುತ್ ಕಂಬಗಳಿಗೆ ಹುಳು ಹಿಡಿಯದಂತೆ ಆರ್ಸೆನಿಕ್ ಬೆರೆತ ಔಷಧ ಕುಡಿಸುತ್ತಿದ್ದ ಯಾವುದೋ ಹಳೆಯ ಮರದ ಡಿಪೋದ ಮಣ್ಣು ಅದು. ಸ್ಟೀವನ್ ಫಲಿತಾಂಶದ ಕಾಗದ ಓದಿ ಮಡಚಿಟ್ಟ. ಅಷ್ಟರಲ್ಲಿ ಅವನಿಗೆ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಮನೆ ಮಾರಾಟಕ್ಕಿತ್ತು. ಜೂನ್‌ನಲ್ಲಿ ಕೇಂದ್ರದ ಹಿಂದಿನ ಪಾರ್ಕಿಂಗಿಗೆ ಬಂದು ಕಾರಿನೊಳಗೆ ಕೂರಿಸಿಕೊಂಡು, ಎಂಜಿನ್ ಆರಿಸದೆ, ಎದುರಿನ ಗೋಡೆ ನೋಡುತ್ತಲೇ ಮಾತಾಡಿದ.

'ಆ ಮ್ಯಾಪ್‌ನಲ್ಲಿ ಕೆಂಪು ಚುಕ್ಕೆ ಉಂಟಲ್ಲ, ಅದನ್ನು ತೆಗೀಲಿಕ್ಕೆ ಆಗ್ತದಾ?'

'ನಂಬರ್ ಕೊಟ್ಟಾಗಿದೆ ಸ್ಟೀವನ್. ಡಿಲೀಟ್ ಮಾಡೋಕೆ ಆಗಲ್ಲ. ಅದಕ್ಕೇ ಆ ನಂಬರ್ ಇರೋದು.'

'ಡಿಲೀಟ್ ಬೇಡ. ಸ್ವಲ್ಪ ಆಚೆ ಇಡು. ಆರು ವರ್ಷ ನಾವೇ ತಿಂದಿದ್ದೇವೆ, ಏನಾಯ್ತು? ನೀನೂ ತಿಂದಿದ್ದೀ.' ಆಮೇಲೆ ಬಹಳ ಮೃದುವಾಗಿ, 'ನಾನು ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದ್ದೇನಾ ಪ್ರಸಾದ್?' ಎಂದ. ಅವನ ಬಾಯಿಯಿಂದ ಪೆಪ್ಪರ್‌ಮಿಂಟಿನ ವಾಸನೆ ಬರುತ್ತಿತ್ತು. ಬೇಡಲು ಬರುವ ಮೊದಲು ಬಾಯಿ ಶುದ್ಧ ಮಾಡಿಕೊಂಡು ಬಂದಿದ್ದಾನೆ ಎನ್ನಿಸಿ ಶಿವಪ್ರಸಾದ ತನ್ನ ಬದಿಯ ಗಾಜು ಇಳಿಸಿದ್ದ.

ಮಾಡಿದ್ದು ಅತಿ ಸಣ್ಣ ಕೆಲಸ. ಜಾಗ ಹೇಳುವ ಎರಡು ಸಂಖ್ಯೆಗಳಲ್ಲಿ ಕೊನೆಯ ಮೂರು ಮೂರು ಅಂಕಿಗಳನ್ನು ತೆಗೆದ. ಕಾರಣ ಎಂಬಲ್ಲಿ 'ಖಾಸಗಿತನ' ಎಂದು ಬರೆದ. ಖಾಸಗಿ ತೋಟಗಳಿಗೆ ಹಾಗೆ ಮಾಡಲು ಅವಕಾಶವಿತ್ತು, ಆದರೆ ಮಿತಿ ಮೀರಿದ ಮಾದರಿಗಳಿಗೆ ಆ ರಿಯಾಯಿತಿ ಇಲ್ಲ ಎಂಬ ಸಾಲನ್ನು ನಿಯಮದಲ್ಲಿ ಸೇರಿಸಿದ್ದವನೂ ಅವನೇ. ಗುಂಡಿ ಒತ್ತಿದಾಗ ಕೆಂಪು ಚುಕ್ಕೆ ಒಂದು ಸಲ ಮಿಣುಕಿ ಸ್ಟೀವನ್ನನ ಅಂಗಳದಿಂದ ಮಾಯವಾಗಿ, ದಡ ದಾಟಿ, ವೆನೆರ್ನ್ ಸರೋವರದ ನೀಲಿಯೊಳಗೆ ಹೋಗಿ ಕೂತಿತು. ತೋಟದ ಮಣ್ಣು, ಆಳ ಒಂದು ಗೇಣು, ಜಾಗ ನೀರಿನ ಮಧ್ಯೆ. ಯಾರಿಗಾದರೂ ನಗು ಬರಬೇಕಿತ್ತು. ಕೊಳ್ಳುವವರು ಯಾರೋ ಸ್ವೀಡಿಷ್ ಸಂಸಾರ, ಕೆಂಪು ಮುಖದ ಗಂಡ, ದೋಣಿಯ ಹುಚ್ಚು, ತರಕಾರಿ ಗಿರಕಾರಿ ಬೆಳೆಯುವವರಲ್ಲ ಎಂದು ತನಗೆ ತಾನೇ ಒಂದು ಚಿತ್ರ ಬರೆದುಕೊಂಡಿದ್ದ. ಆ ಚಿತ್ರದಲ್ಲಿ ಮಗುವೇ ಇರಲಿಲ್ಲ. ಕೊಂಡದ್ದು ವಿಘ್ನೇಶ ಎಂದು ಬಳಗದ ಗುಂಪಿನಲ್ಲಿ ಫೋಟೋ ಬಂದಾಗ, ಸರಸ್ವತಿಯ ಸೊಂಟದ ಮೇಲೆ ಕೂತ ಮಗು ಕೀಲಿಕೈಯನ್ನು ಕಚ್ಚುತ್ತಿದ್ದದ್ದನ್ನು ನೋಡಿದಾಗ, ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟ. ಆಮೇಲೆ ಅದಕ್ಕಿಂತ ಕೆಟ್ಟದ್ದೊಂದು ಹೊಳೆಯಿತು: ಫೋಟೋದಲ್ಲಿ ಬೇರೆ ಯಾರದೋ ಹೊಂಬಣ್ಣದ ಕೂದಲಿನ ಮಗು ಇದ್ದಿದ್ದರೆ ಆ ರಾತ್ರಿ ತಾನು ಊಟ ಮಾಡಿ ಮಲಗುತ್ತಿದ್ದ. ಇದು ಯಾವ ಜಾತಿಯ ಮನಸ್ಸು ಎಂದು ಕೇಳಿಕೊಂಡ.

ಬಾಗಿಲಲ್ಲಿ ಮಾವಿನೆಲೆ ಸಿಗದೆ ಯಾವುದೋ ಪೊದೆಯ ಎಲೆಯ ತೋರಣ ಕಟ್ಟಿದ್ದರು. ವಿಘ್ನೇಶ ಎರಡೂ ಕೈ ಹಿಡಿದು ಎಳೆದುಕೊಂಡ. ಅವನ ಅಂಗೈಗೆ ತುಪ್ಪ ಮೆತ್ತಿತ್ತು. 'ಬನ್ನಿ ಪ್ರಸಾದಣ್ಣ, ನಿಮಗೆ ಈ ಮನೆ ನನಗಿಂತ ಚೆನ್ನಾಗಿ ಗೊತ್ತು. ಬೇಸ್‌ಮೆಂಟ್‌ನಲ್ಲಿ ಇದ್ರಂತಲ್ಲ, ಸ್ಟೀವನ್ ಹೇಳ್ತಿದ್ರು.' ಸ್ಟೀವನ್ ಒಳಗೆ ಸೋಫಾದಲ್ಲಿ, ತಾನು ಮಾರಿದ ಮನೆಯಲ್ಲಿ ಅತಿಥಿಯಾಗಿ, ಮಂಡಿಯ ಮೇಲೆ ಜ್ಯೂಸಿನ ಲೋಟ ಇಟ್ಟುಕೊಂಡು ಕೂತಿದ್ದ. ಮೆಲಿಸಾಗೆ ಡ್ಯೂಟಿ ಇತ್ತಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಒಂದೇ ಆಸ್ಪತ್ರೆಯ ಒಂದೇ ವಿಭಾಗದಲ್ಲಿ ಆಕಸ್ಮಿಕವಾಗಿ ಎದುರಾದ ರೋಗಿಗಳಂತೆ ತಲೆಯಾಡಿಸಿದರು. ಸರಸ್ವತಿ ಅಡುಗೆಮನೆಯಿಂದ ಬಂದಳು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಹಣೆಯ ಬೆವರು ಒರೆಸಿಕೊಳ್ಳುತ್ತ. ಪುತ್ತೂರಿನ ಹುಡುಗಿ, ಬಳಗದಲ್ಲಿ ಎಲ್ಲರಂತೆ ಬೆಂಗಳೂರಿನ ಮಾತು ಆಡುವವಳು. 'ಅಣ್ಣ, ಕೂತ್ಕೊಳ್ಳಿ, ಎಲ್ಲ ರೆಡಿ ಇದೆ. ಮಧ್ಯಾಹ್ನ ಆಯ್ತು ಅಂತ ಬೈಬೇಡಿ.'

ಊಟಕ್ಕೆ ಕೂತಾಗ ವಿಘ್ನೇಶ ಮನೆ ಕೊಂಡ ಕತೆ ಹೇಳಿದ. ತಾನು ಎಷ್ಟು ಹುಷಾರು, ಏನೆಲ್ಲ ನೋಡಿದೆ, ಛಾವಣಿ, ಪೈಪು, ನೆಲದಿಂದ ಏಳುವ ರೇಡಾನ್ ಅನಿಲ. 'ಕೊನೆಗೆ ನಿಮ್ಮ ಸೆಂಟರ್‌ದು ಮ್ಯಾಪ್ ಕೂಡ ತೆಗೆದು ನೋಡಿದೆ ಪ್ರಸಾದಣ್ಣ. ಈ ಇಡೀ ರೋಡಲ್ಲಿ ಒಂದು ಡಾಟ್ ಇಲ್ಲ, ಫುಲ್ ಕ್ಲೀನ್. ಸರೋವರದಲ್ಲಿ ಮಾತ್ರ ಒಂದು ರೆಡ್ ಡಾಟ್ ಇದೆ. ಅದಕ್ಕೇ ಇವಳಿಗೆ ಹೇಳಿದೆ, ಇಲ್ಲಿನ ಮೀನು ಮಾತ್ರ ತರಬೇಡ, ಮಗುಗೆ ಕೊಡಬೇಡ ಅಂತ. ನಿಮ್ಮಂಥವರು ಇರೋದಕ್ಕೆ ನಮಗೆ ಇದೆಲ್ಲ ಗೊತ್ತಾಗೋದು ನೋಡಿ.' ಸ್ಟೀವನ್ ನೀರು ಕುಡಿದ. ಶಿವಪ್ರಸಾದ ಅನ್ನದ ಮೇಲೆ ಬಿದ್ದ ಹಸಿರು ತಂಬುಳಿಯನ್ನು ನೋಡಿದ. ಅದರಲ್ಲಿ ತೇಲುತ್ತಿದ್ದ ಸಾಸಿವೆ ಒಂದೊಂದೂ ಬೇರೆಬೇರೆಯಾಗಿ ಕಂಡಿತು. ಪಕ್ಕದಲ್ಲಿ ಮೂಲಂಗಿಯ ಕೋಸಂಬರಿ. ಸರಸ್ವತಿ ಪಾತ್ರೆ ಹಿಡಿದು ಸ್ಟೀವನ್ನನ ಮುಂದೆ ಬಗ್ಗಿದಾಗ ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. 'ಬೇಡ ಮಾ, ಡಾಕ್ಟರು ಸೊಪ್ಪು ಬೇಡ ಅಂದಿದ್ದಾರೆ, ಕಿಡ್ನಿ ಸ್ಟೋನ್.' ಕೋಳಿ ಸುಕ್ಕ ಮಾತ್ರ ಎರಡನೆಯ ಸಲ ಹಾಕಿಸಿಕೊಂಡ, ಮೂಳೆಯನ್ನು ಕಚ್ಚಿ ಒಳಗಿನ ಮಜ್ಜೆಯನ್ನು ಶಬ್ದ ಮಾಡಿ ಹೀರಿದ. ಆರು ವರ್ಷ ತಿಂದಿದ್ದೇವೆ, ಏನಾಯ್ತು ಎಂದವನು. ಆ ಜಿಡ್ಡಿನ ತುಟಿಯನ್ನು ನೋಡುತ್ತ ಶಿವಪ್ರಸಾದನಿಗೆ ಅವನನ್ನು ಕುತ್ತಿಗೆ ಹಿಡಿದು ತಂಬುಳಿಯ ಪಾತ್ರೆಗೆ ಅದ್ದಬೇಕೆನ್ನಿಸಿತು. ಆದರೆ ತಾನು ಮಾಡಿದ್ದೇನು? ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಎಂದರೆ ಸ್ಟೀವನ್ನನ ಪಕ್ಷ, ತಿಂದರೆ ಅದು ಯಾವ ಪಕ್ಷ ಎಂದು ತಿಳಿಯದೆ ಕಲಸಿ ಉಂಡ. ಚೆನ್ನಾಗಿತ್ತು. ಅದೇ ಸಹಿಸಲಾಗದ್ದು, ಮೆಂತೆಯ ಎಳೆ ಕಹಿ, ಹುಳಿ ಮಜ್ಜಿಗೆ, ಕಾಯಿ, ಎಲ್ಲ ಹದವಾಗಿತ್ತು. 'ಇನ್ನೊಂಚೂರು?' ಎಂದು ಅವಳು ಕೇಳಿದಳು. ಅವನು ತಟ್ಟೆ ಮುಂದೆ ಚಾಚಿದ, ಶಿಕ್ಷೆ ಎಣಿಸಿಕೊಂಡವನಂತೆ. ಆ ಎಣಿಕೆಯೂ ಸುಳ್ಳು ಎಂದು ಅವನಿಗೆ ತಿನ್ನುವಾಗಲೇ ಗೊತ್ತಿತ್ತು. ಎರಡು ಸೌಟು ತಂಬುಳಿಯಿಂದ ಅವನಿಗೇನೂ ಆಗುವುದಿಲ್ಲ. ದಿನವೂ ಅದೇ ಮಣ್ಣಿನಲ್ಲಿ ಕೈಯೂರಿ ಅದೇ ಕೈ ಚೀಪುವವರಿಗೆ ಆಗುತ್ತದೆ. ಮಕ್ಕಳ ಕೈ, ಬಾಯಿ, ದಿನಕ್ಕೆ ಇಷ್ಟು ಮಣ್ಣು ಎಂದು ಹಾಕುವ ಲೆಕ್ಕದ ಪಾಠವನ್ನು ಅವನೇ ಮಾಡುತ್ತಾನೆ.

ಊಟವಾದ ಮೇಲೆ ಹಿತ್ತಿಲಲ್ಲಿ ಕಾಫಿ. ಸೆಪ್ಟೆಂಬರಿನ ಬಿಸಿಲು ಹಳದಿಯಾಗಿ, ಕಾಯಿಲೆಯ ಮೈಬಣ್ಣದಂತೆ, ಹುಲ್ಲಿನ ಮೇಲೆ ಬಿದ್ದಿತ್ತು. ಮಗುವನ್ನು ಪುಟ್ಟಿ ಪುಟ್ಟಿ ಎನ್ನುತ್ತಿದ್ದರು. ದಾಗಿಸ್‌ಗೆ ಎಂದರೆ ಶಿಶುವಿಹಾರಕ್ಕೆ ಇನ್ನೂ ಸೇರಿಸಿಲ್ಲ, ವಸಂತದಲ್ಲಿ ಸೇರಿಸಬೇಕು, ಅಲ್ಲಿಯ ತನಕ ಇಡೀ ದಿನ ಇಲ್ಲೇ ಆಟ ಎಂದು ಸರಸ್ವತಿ ಹೇಳುತ್ತಿದ್ದಳು. ಪುಟ್ಟಿ ಮೆಂತೆಯ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಹಳ ಗಮನದಿಂದ, ಒಂದು ಪ್ಲಾಸ್ಟಿಕ್ ಚಮಚದಿಂದ ಮಣ್ಣು ಕೆದಕುತ್ತಿದ್ದವಳು ಚಮಚ ಬಿಸಾಕಿ ಮುಷ್ಟಿಯನ್ನೇ ಬಾಯಿಗೆ ತುಂಬಿಕೊಂಡಳು. ಗಲ್ಲದ ಮೇಲೆ ಜೊಲ್ಲಿನೊಡನೆ ಕಪ್ಪು ಗೆರೆ ಇಳಿಯಿತು. ವಿಘ್ನೇಶ ನಗುತ್ತ ಫೋನು ತೆಗೆದ. 'ಮತ್ತೆ ಶುರು ಮಾಡಿದ್ಳು ನೋಡಿ, ಡೈಲಿ ಇದೇ. ಎಲ್ಲಿ ಪುಟ್ಟಿ, ಆ ಮಾಡು, ಬಾಯಲ್ಲಿ ಬ್ರಹ್ಮಾಂಡ ಇದೆಯಾ ತೋರ್ಸು!' ಸ್ಟೀವನ್ ಕೂಡ ನಕ್ಕ, ಗಂಟಲಿನಿಂದ ಮಾತ್ರ. ಮಗು ಬಾಯಿ ತೆರೆಯಿತು. ನಾಲ್ಕು ಪುಟ್ಟ ಹಲ್ಲು, ಗುಲಾಬಿ ನಾಲಗೆ, ಅದರ ಮೇಲೆ ಒದ್ದೆ ಕರಿಮಣ್ಣಿನ ಉಂಡೆ.

ತಾನು ಎದ್ದದ್ದು ಶಿವಪ್ರಸಾದನಿಗೆ ಗೊತ್ತಾಗಲಿಲ್ಲ. ಕಾಫಿಯ ಕಪ್ ಉರುಳಿ ಹುಲ್ಲಿಗೆ ಬಿತ್ತು. ಮಗುವಿನ ಕೆನ್ನೆಗಳನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯ ಬೆರಳನ್ನು ಬಾಯೊಳಗೆ ಹಾಕಿ ಬಳಿದ. ವಸಡು, ನಾಲಗೆಯ ಅಡಿ, ಕೆನ್ನೆಯ ಒಳಭಾಗ. ಮಗು ಕಿರುಚಿ ಕಚ್ಚಿತು, ಓಕರಿಸಿತು, ಹಾಲಿನ ವಾಂತಿ ಅವನ ಮುಂಗೈ ಮೇಲೆ ಬೆಚ್ಚಗೆ ಹರಿಯಿತು. ಅವನು ಬಿಡಲಿಲ್ಲ. 'ಉಗಿ, ಉಗಿ, ಉಗಿ' ಎನ್ನುತ್ತಿದ್ದ. ಸರಸ್ವತಿ ಓಡಿಬಂದು ಮಗುವನ್ನು ಕಿತ್ತುಕೊಂಡಳು.

'ಏನ್ ಮಾಡ್ತಾ ಇದ್ದೀರಾ ನೀವು? ಮಣ್ಣಷ್ಟೇ ಅಲ್ವಾ ಅಣ್ಣ?'

'ಕಲ್ಲೇನಾದ್ರೂ ಸಿಕ್ಕಿಕೊಂಡಿದೆ ಅಂದುಕೊಂಡಿರ್ಬೇಕು' ಎಂದು ಸ್ಟೀವನ್ ಅವಸರದಲ್ಲಿ ಹೇಳಿದ. ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಹೌದು ಕಲ್ಲು ಎಂದರೆ ಸಾಕಿತ್ತು, ಎಲ್ಲರೂ ನಗುತ್ತಿದ್ದರು, ಇನ್ನೊಂದು ಕಪ್ ಕಾಫಿ ಬರುತ್ತಿತ್ತು. ಶಿವಪ್ರಸಾದ ತನ್ನ ಬೆರಳಿನ ಮೇಲಿನ ಮಣ್ಣನ್ನೂ ಜೊಲ್ಲನ್ನೂ ನೋಡಿದ.

'ಆ ಡಾಟ್ ಸರೋವರದ್ದಲ್ಲ' ಎಂದ. 'ಇಲ್ಲಿಯದು. ಈ ಮಣ್ಣಿನದು. ನಾನೇ ಆಚೆ ಇಟ್ಟೆ.'

ವಿಘ್ನೇಶನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇನ್ನೂ ವೀಡಿಯೋ ತೆಗೆಯುತ್ತಿದ್ದ ಫೋನನ್ನು ಕೆಳಗಿಳಿಸಿ, ಯಾವ ಡಾಟ್, ಏನು ಆಚೆ ಎಂದು ಕೇಳಿದ. ಶಿವಪ್ರಸಾದ ಹೇಳಿದ, ಆರ್ಸೆನಿಕ್ ಎಂದ, ಎಷ್ಟು ಎಂದ, ಮಗುವಿನ ರಕ್ತ ಮೂತ್ರ ನಾಳೆಯೇ ಪರೀಕ್ಷೆ ಮಾಡಿಸಿ ಎಂದ, ಪುರಸಭೆಗೆ ತಾನೇ ಬರೆಯುತ್ತೇನೆ ಎಂದ. ಹೇಳುತ್ತ ಹೋದಂತೆ ತನ್ನ ಧ್ವನಿ ತರಗತಿಯಲ್ಲಿ ಪಾಠ ಮಾಡುವ ಧ್ವನಿಯಾಗುತ್ತಿರುವುದು ಕೇಳಿಸಿ ಅಸಹ್ಯವಾಯಿತು. ವಿಘ್ನೇಶ ನಕ್ಷೆ ತೆರೆದು ನೀರಿನ ಚುಕ್ಕೆಯನ್ನು ಒತ್ತಿದ, ಪುಟ ಬಂತು. 'ಕೆಳಗೆ ಹಿಸ್ಟರಿ ಅಂತ ಇದೆ' ಎಂದ ಶಿವಪ್ರಸಾದ. 'ಹಳೆಯದು ಅಳಿಸೋಕೆ ಆಗಲ್ಲ. ಒತ್ತಿ.' ವಿಘ್ನೇಶ ಒತ್ತಿದ. ಮೊದಲಿನ ಜಾಗ, ಬದಲಾದ ಜಾಗ, ಬದಲಿಸಿದವರ ಹೆಸರು, ತಾರೀಕು. ಮಧ್ಯಾಹ್ನದಿಂದ ಅಷ್ಟು ಮಾತಾಡಿದ್ದವನು ಈಗ ಓದುವ ಮಗುವಿನಂತೆ ತುಟಿಯಾಡಿಸಿದ.

'ಜೂನ್ ಹನ್ನೊಂದು' ಎಂದ. 'ನಾವು ಸೈನ್ ಮಾಡಿದ್ದು ಮಿಡ್‌ಸಮರ್ ಆದ್ಮೇಲೆ, ಜೂನ್ ಕೊನೆಗೆ.' ಆಮೇಲೆ ತಲೆಯೆತ್ತಿ, 'ಸ್ಟೀವನ್, ನಿಮಗೆ ಗೊತ್ತಿತ್ತಾ?'

'ನಾನು ಸ್ವಲ್ಪ ಆಚೆ ಇಡು ಅಂದದ್ದು ಮಾತ್ರ. ಮಾಡಿದ್ದು ಅವ. ಅವನಲ್ವಾ ಸೈಂಟಿಸ್ಟ್' ಎಂದ ಸ್ಟೀವನ್. ಎದ್ದು ನಿಂತಿದ್ದ, ಕಾರಿನ ಕೀಲಿಗಾಗಿ ಜೇಬು ತಡವುತ್ತಿದ್ದ. ಶಿವಪ್ರಸಾದನಿಗೆ ಆಶ್ಚರ್ಯವೆಂದರೆ, ಆ ಮಾತು ಸರಿಯೆಂದೇ ತೋರಿತು. ಸ್ಟೀವನ್ನನ ಮೇಲಿದ್ದ ಹೇಸಿಗೆಯೆಲ್ಲ ಎಲ್ಲಿಗೋ ಇಳಿದುಹೋಗಿ, ತೋಳು ಜೋತುಬಿದ್ದ, ವಯಸ್ಸಾಗುತ್ತಿರುವ, ಹೆದರಿದ ಒಬ್ಬ ಮನುಷ್ಯ ಕಂಡ. ಬೇಸ್‌ಮೆಂಟಿಗೆ ಹೊದಿಕೆ ಹೊತ್ತು ತಂದವನು. ಅವನ ಕಾರು ಹೊರಟು ತಿರುವು ದಾಟಿತು.

ಸರಸ್ವತಿ ಅಡುಗೆಮನೆಯ ನಲ್ಲಿಯಲ್ಲಿ ಮಗುವಿನ ಬಾಯಿ ತೊಳೆಯುತ್ತಿದ್ದಳು. ಮತ್ತೆ ಮತ್ತೆ ತೊಳೆದಳು, ಕೈ ತೊಳೆದಳು, ಉಗುರಿನ ಸಂದಿ ತೊಳೆದಳು. ಆಮೇಲೆ ಕೌಂಟರಿನ ಮೇಲೆ ಉಳಿದಿದ್ದ ತಂಬುಳಿಯ ಪಾತ್ರೆಯನ್ನು ನೋಡುತ್ತ ನಿಂತಳು. ಮಗು ಅಳು ನಿಲ್ಲಿಸಿ ಬಿಕ್ಕುತ್ತಿತ್ತು. ಶಿವಪ್ರಸಾದ ವಾಂತಿ ಮೆತ್ತಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಬಾಗಿಲು ದಾಟಿ, ಸಿಂಕಿನ ಕಡೆಗೆ ಎರಡು ಹೆಜ್ಜೆ ಇಟ್ಟ. 'ಸರಸ್ವತಿ, ನನಗೆ...' ಎಂದು ಶುರುಮಾಡಿದ. ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಹಿಂದಕ್ಕೆ ಸರಿದಳು. ಸಿಟ್ಟೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಅವಳ ಮೂಗು, ಮೇಲ್ದುಟಿ ಸಣ್ಣಗೆ ಸುಕ್ಕಾಗಿದ್ದವು, ಕಾಲಕೆಳಗೆ ಏನನ್ನೋ ತುಳಿದವರಿಗೆ ಆಗುವಂತೆ. ಇಷ್ಟು ಹೊತ್ತು ಇದೆ ಇದೆ ಎನ್ನುತ್ತಿದ್ದವಳ ಬಾಯಲ್ಲಿ ಊರಿನ ಮಾತು ಬಂತು.

'ಒಳಗೆ ಬರ್ಬೇಡಿ' ಎಂದಳು. 'ಹೊರಗೆ ನಲ್ಲಿ ಉಂಟು.'